ದಡಿ ಹಾಕಿದ ಶೇಂಗಾ ಮಶೀನು

ಬೆಟಗೇರಿಯ ಬನಶಂಕರೆವ್ವನನ್ನು ಸರಕೆಂದು ತಿಳಿದು ನೋಡಿದರೆ, ಮಾಲು ಹಳೆಯದು, ನೇಯ್ಗೆ ಬಿಗಿ. ಬಣ್ಣ ಅಲ್ಲಲ್ಲಿ ಮಾಸಿದೆ, ಆದರೆ ಎಲ್ಲೂ ಬಿಟ್ಟಿಲ್ಲ. ಮೊಣಕಾಲಲ್ಲಿ ಸ್ವಲ್ಪ ಸವಕಳಿ ಉಂಟು, ನಾಲಿಗೆಯಲ್ಲಿ ಇಲ್ಲವೇ ಇಲ್ಲ. ಎತ್ತರ ಕಡಿಮೆ, ಹೀಗಾಗಿ ಮೊದಲ ಸಲ ನೋಡಿದವರು ಅಗ್ಗಕ್ಕೆ ಸಿಗುವ ಮಾಲೆಂದು ಅಂದಾಜು ಹಾಕಿ ಮೋಸ ಹೋಗುತ್ತಾರೆ. ಸಂತೆಯಲ್ಲಿ ಆಕೆ ಬಂದು ಕೂತಳೆಂದರೆ ಬದನೆಕಾಯಿ ಮಾರುವವಳು ಹುಳುಕನ್ನು ತಾನೇ ಆರಿಸಿ ಪಕ್ಕಕ್ಕೆ ಇಡುತ್ತಾಳೆ. ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಸ್ವಲ್ಪ ಮಡಚಿಯೇ ಇರುತ್ತವೆ, ಕುಂಚ ಹಿಡಿದವರ ಹಾಗೆ. ಆಕೆ ಕುಂಚ ಕೆಳಗಿಟ್ಟು ಎಷ್ಟೋ ವರ್ಷಗಳಾದವು. ಬೆರಳುಗಳಿಗೆ ಇನ್ನೂ ಆ ಖಬರ ಮುಟ್ಟಿಲ್ಲ.

ಹೋದ ವರ್ಷ ಈ ಬೆರಳುಗಳಿಗೆ ಕೆಲಸ ಕೊಟ್ಟವಳು ಸೊಸೆ ರೋಹಿಣಿ. ಬನಶಂಕರೆವ್ವನ ಮಗ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುತ್ತಾನೆ. ಮಗ್ಗದ ಸಹವಾಸ ಅವನಿಗೆ ಎಂದೂ ಒಗ್ಗಲಿಲ್ಲ. ಆದರೆ ಸೊಸೆ ಬಂದ ಮೇಲೆ ಪಡಸಾಲೆಯ ಮಗ್ಗ ಮತ್ತೆ ಮಾತಾಡಿತು. ಓಣಿಯಲ್ಲಿ ಉಳಿದ ನಾಲ್ಕಾರು ಕೈಮಗ್ಗಗಳಲ್ಲಿ ಅದೂ ಒಂದು. ರೋಹಿಣಿ ನೇಯ್ದ ಸೀರೆ ಮಾರಾಟ ಮೇಳಕ್ಕೆ ಹೋದಾಗ ಯಾರೋ ಹೆಂಗಸು ಅಂಚಿನ ದಡಿ ಮುಟ್ಟಿ ನೋಡಿ, ಇದು ನಿಮ್ಮ ಮನೆಯದೋ ಎಲ್ಲರದೋ ಎಂದು ಕೇಳಿದಳಂತೆ. ರೋಹಿಣಿ ಸೀರೆ ಮಡಚಿಟ್ಟಳು. ಮನೆಗೆ ಬಂದವಳೇ ಅತ್ತೆಯ ಮುಂದೆ ಕೂತಳು. ಮುಂದಿನ ಸೀರೆಗೆ ಅತ್ತೆಯ ತವರಿನ ದಡಿಯನ್ನೇ ಕಟ್ಟಬೇಕು ಎಂದಳು.

ತವರಿನ ದಡಿ ಎಂದರೆ ಬನಶಂಕರೆವ್ವನ ಅಪ್ಪ ಬಾಬಣ್ಣನ ಗೆಜ್ಜೆ ದಡಿ. ಎರಡು ಗೆರೆಗಳ ನಡುವೆ ಗೆಜ್ಜೆಗಳ ಸಾಲು, ಅದರಾಚೆ ಹಲ್ಲುಹಲ್ಲಾಗಿ ಗುಡಿಯ ಗೋಪುರ. ಒಂದು ಕಾಲಕ್ಕೆ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಗೌಡರ ಮನೆಗಳಲ್ಲಿ ಸೀಮಂತಕ್ಕೆ ಆ ದಡಿಯೇ ಆಗಬೇಕಿತ್ತು. ಬಾಬಣ್ಣ ಅದನ್ನು ಯಾರಿಗೂ ಕಲಿಸಲಿಲ್ಲ, ಕೇಳಿದವರಿಗೆ ನಾಳೆ ಬಾ ಎನ್ನುತ್ತಿದ್ದ. ಅವನು ಹೋದ ಮೇಲೆ ಮಗ್ಗದ ಕಟ್ಟಿಗೆ ಯಾರದೋ ಮನೆಯ ಬಾಗಿಲಾಯಿತು. ಸೀರೆಗಳು ಕೌದಿಯಾದವು, ಕೌದಿ ಒರಸುಬಟ್ಟೆಯಾಯಿತು, ಒರಸುಬಟ್ಟೆ ಏನಾಯಿತೆಂದು ಯಾರು ಕೇಳುತ್ತಾರೆ.

ಬನಶಂಕರೆವ್ವ ಸುಣ್ಣದ ಕಡ್ಡಿ ತೆಗೆದುಕೊಂಡು ಪಡಸಾಲೆಯ ನೆಲದ ಮೇಲೆ ದಡಿ ಬರೆದಳು. ಸರಿ ಕಾಣಲಿಲ್ಲ. ಪಕ್ಕದಲ್ಲಿ ಇನ್ನೊಂದು ಬರೆದಳು, ಅದರ ಪಕ್ಕದಲ್ಲಿ ಮತ್ತೊಂದು. ಒಂದಕ್ಕೊಂದು ಹೊಂದಲಿಲ್ಲ. ಗೆಜ್ಜೆ ಒತ್ತಾಗಿದ್ದವೋ ಬಿಡಿಯಾಗಿದ್ದವೋ, ಗೋಪುರದ ತುದಿ ಒಳಗಿತ್ತೋ ಹೊರಗಿತ್ತೋ ಕೈಗೆ ತಿಳಿಯಲಿಲ್ಲ. ಆ ದಡಿಯನ್ನು ಹತ್ತಿರದಿಂದ ನೋಡಿದವರಲ್ಲಿ ಉಳಿದವಳು ತಾನೊಬ್ಬಳೇ. ತನ್ನ ಕೈಯೇ ಸುಳ್ಳು ಹೇಳತೊಡಗಿದರೆ ಅಪ್ಪನ ದಡಿ ಅಲ್ಲಿಗೆ ಮುಗಿಯಿತು. ಅಂಗೈಯಿಂದ ಎಲ್ಲವನ್ನೂ ಒರೆಸಿ ಹಾಕಿದಳು.

“ಸೀರಿ ಒಂದೂ ಉಳದಿಲ್ಲಂದ್ರ ಬಿಡ್ರಿ ಅತ್ತಿ, ಬ್ಯಾರೆ ಯಾವುದಾರ ದಡಿ ಕಟ್ತೀನಿ,” ಎಂದಳು ರೋಹಿಣಿ.

“ಸೀರಿ ಉಳದಿಲ್ಲ,” ಎಂದಳು ಬನಶಂಕರೆವ್ವ. “ಮಶೀನ ಉಳದಿರಬೇಕು.”

ರೋಹಿಣಿ ಅತ್ತೆಯ ಹಣೆ ಮುಟ್ಟಿ ನೋಡಿದಳಂತೆ, ಜ್ವರ ಬಂದಿರಬಹುದೆಂದು.

ಈ ಮಶೀನಿನ ಸಂಗತಿ ತಿಳಿಯಬೇಕಾದರೆ ಬೆಟಗೇರಿಯ ಕಪ್ಪತ್ತ ರೈತರ ಯಂತ್ರೋಪಕರಣ ಸಹಕಾರಿ ಸಂಘದ ಬಗ್ಗೆ ಹೇಳಬೇಕು. ಇಷ್ಟು ಉದ್ದದ ಹೆಸರು ಬೋರ್ಡಿನ ಮೇಲೆ ಮಾತ್ರ ಇತ್ತು. ಜನರ ಬಾಯಲ್ಲಿ ಅದು ಸೊಸೈಟಿ ಕಾರ್ಖಾನಿ. ಶೇರು ಹಾಕಿದವರೆಲ್ಲ ಎರೆಹೊಲದ ರೈತರು. ಕಬ್ಬಿಣದ ಕೂರಿಗೆ, ಕಾಳು ತೂರುವ ಫ್ಯಾನು, ಮೇವು ಕತ್ತರಿಸುವ ಚಕ್ರ ಎಲ್ಲವನ್ನೂ ಅಲ್ಲಿ ಮಾಡುತ್ತಿದ್ದರು. ಆದರೆ ಹೆಸರು ತಂದದ್ದು ಕೈಯಿಂದ ತಿರುವಿ ಶೇಂಗಾ ಒಡೆಯುವ ಮಶೀನು. ಕೆಳಗೆ ಬೀಡುಕಬ್ಬಿಣದ ಗಟ್ಟಿ ಮೈ, ಪಕ್ಕದಲ್ಲಿ ತಿರುವುವ ಹಿಡಿಕೆ, ಮೇಲೆ ಕಾಯಿ ಸುರಿಯಲು ನಾಲ್ಕು ಬದಿಯ ತಗಡಿನ ಬುಟ್ಟಿ. ಅದಕ್ಕೂ ಮುಂಚೆ ನಮ್ಮ ಕಡೆ ಬಿತ್ತನೆಯ ಶೇಂಗಾ ಎಂದರೆ ಹೆಂಗಸರ ಬೆರಳಿನ ಕೆಲಸ. ಬೇಸಿಗೆಯ ಮಧ್ಯಾಹ್ನಗಳೆಲ್ಲ ಅದರಲ್ಲೇ ಹೋಗುತ್ತಿದ್ದವು, ಉಗುರಿನ ತುದಿ ಸೀಳಿ ಸಾರಿನ ಖಾರ ಮುಟ್ಟಲೂ ಆಗುತ್ತಿರಲಿಲ್ಲ. ಮಶೀನು ಬಂದ ಮೇಲೆ ಅಂಗಳದಲ್ಲಿ ಗರಗರ ಸದ್ದು, ಸಿಪ್ಪೆಯ ಕೆಂಪು ಧೂಳು, ತಿರುವಲು ಪಾಳಿ ಹಚ್ಚಿದ ನೆರೆಮನೆಯ ಹೆಂಗಸರು. ಆ ಸದ್ದಿಗೆ ಹೊಂದಿಸಿ ಹಾಡೂ ಹುಟ್ಟಿಕೊಂಡಿದ್ದವು. ನಮ್ಮ ವಯಸ್ಸಿನವರಿಗೆ ಬೇಸಿಗೆ ಎಂದೊಡನೆ ಈಗಲೂ ಮೊದಲು ಕೇಳುವುದು ಆ ಗರಗರವೇ.

ಬನಶಂಕರೆವ್ವ ಆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಸೇರಿದಾಗ ಇನ್ನೂ ಲಗ್ನವಾಗದ ಹುಡುಗಿ. ನೇಕಾರರ ಮಗಳಿಗೆ ಕೈ ನೆಟ್ಟಗಿರುತ್ತದೆ ಎಂಬ ಲೆಕ್ಕದಲ್ಲಿ ಮ್ಯಾನೇಜರ್ ಉಳವಪ್ಪ ಆಕೆಯನ್ನು ತೆಗೆದುಕೊಂಡಿದ್ದ. ಮಶೀನಿಗೆ ಹಸಿರು ಬಳಿಯುವುದು, ಮೈಮೇಲೆ ಸಂಘದ ಹೆಸರು ಬರೆಯುವುದು ಆಕೆಯ ಕೆಲಸ. ಉಳವಪ್ಪ ಮುಂಡರಗಿ ಕಡೆಯ ಒಕ್ಕಲುಮನೆಯವನು, ಬೆಳಗಿನಿಂದ ಸಂಜೆಯವರೆಗೆ ಅವಸರ ಅವನಿಗೆ. ಒಂದು ಸಂಜೆ ಬಾಗಿಲಲ್ಲಿ ನಿಂತೇ ಒಂದು ಮಾತು ಎಸೆದು ಹೋದ: “ನಾಳಿ ಸೊರಟೂರಿನವರು ಬರ್ತಾರ. ಬುಟ್ಟಿಗಿ ದಡಿ ಹಾಕಿಬಿಡು ತಂಗಿ. ಎದ್ದು ಕಾಣಬೇಕು ನೋಡು.”

ಅವನು ಹೇಳಿದ್ದು ತೂಕದ ದಡೆ. ಕಿಲೋ ಬಂದು ವರ್ಷಗಳಾಗಿದ್ದರೂ ಹಳ್ಳಿಯವರು ಇನ್ನೂ ಹಳೆಯ ತೂಕದ ದಡೆಯಲ್ಲೇ ಮಾತಾಡುತ್ತಿದ್ದರು. ಬುಟ್ಟಿಯಲ್ಲಿ ಎಷ್ಟು ದಡೆ ಕಾಯಿ ಹಿಡಿಯುತ್ತದೆ ಎಂದು ಬರೆದರೆ ಗಿರಾಕಿಗೆ ಅನುಕೂಲ ಎಂಬುದು ಅವನ ಯೋಚನೆ. ಆದರೆ ನಮ್ಮ ಕಡೆಯ ಬಾಯಲ್ಲಿ ದಡೆಯೂ ದಡಿ, ಸೀರೆಯ ಅಂಚೂ ದಡಿ. ಹಿಟ್ಟು ಬೀಸುವವಳಿಗೆ ಹೇಳಿದ್ದರೆ ತೂಕವೆಂದೇ ತಿಳಿಯುತ್ತಿದ್ದಳು. ನೇಕಾರರ ಹುಡುಗಿ ದೀಪ ಹಚ್ಚುವ ಹೊತ್ತಿನವರೆಗೆ ಕೂತು ಬುಟ್ಟಿಯ ನಾಲ್ಕೂ ಬದಿಗೆ ಅಪ್ಪನ ಗೆಜ್ಜೆ ದಡಿಯನ್ನು ಕೆಂಪು ಹಳದಿಯಲ್ಲಿ ಬರೆದಿಟ್ಟು ಮನೆಗೆ ಹೋದಳು.

ಬೆಳಿಗ್ಗೆ ಉಳವಪ್ಪ ಮಶೀನಿನ ಸುತ್ತ ಒಂದು ಸುತ್ತು ಹಾಕಿ, ಇದೇನು ಎಂದು ಕೇಳಿದ.

“ದಡಿರಿ.”

“ನಾ ಹೇಳಿದ್ದು ತೂಕದ ದಡಿ.”

“ನಮ್ಮ ಮನ್ಯಾಗ ಇರೂದು ಒಂದ ದಡಿರಿ,” ಎಂದಳು ಹುಡುಗಿ.

ಉಳವಪ್ಪ ಬೈಯಲು ಬಾಯಿ ತೆರೆದವನು, ಬೈಗುಳಕ್ಕೆ ದೊಡ್ಡವರು ಬೇಕೆಂದು ಬಾಬಣ್ಣನನ್ನೇ ಕರೆಸಿದ. ಅಂದು ಅಮಾವಾಸ್ಯೆ, ಮಗ್ಗಕ್ಕೆ ರಜೆ. ಬಾಬಣ್ಣ ತಲೆಗೆ ಪಟಗ ಸುತ್ತಿಕೊಂಡು ಬಂದ. ಮ್ಯಾನೇಜರನ ಫಿರ್ಯಾದಿಗೆ ಹೂಂ ಹೂಂ ಎನ್ನುತ್ತಲೇ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಎಲ್ಲ ಕೇಳಿದ ಮೇಲೆ ಮಗಳ ಕಡೆ ತಿರುಗಿ ಹೇಳಿದ: “ಇದು ದಡಿ ಅಲ್ಲವ್ವಾ, ರಂಗೋಲಿ. ಕುಂಚ ಕೊಡು ಇಲ್ಲೆ.”

ಹಿಡಿಕೆಯಿರುವ ಬದಿಯಲ್ಲಿ ಮಗಳು ಬರೆದದ್ದನ್ನು ಅಳಿಸಿ ತಾನೇ ಬರೆದ. ಹುಟ್ಟಿದಂದಿನಿಂದ ಕುಂಚ ಹಿಡಿಯದ ಮನುಷ್ಯ, ಎಳೆ ಎಣಿಸುವ ಹಾಗೆ ತುಟಿ ಅಲ್ಲಾಡಿಸುತ್ತ ಒಂದೊಂದೇ ಗೆಜ್ಜೆ ಇಟ್ಟ. ಉಳವಪ್ಪ ಕುರ್ಚಿಯ ಮೇಲೆ ಕೂತು ನೋಡಿದ, ಬೇರೆ ಉಪಾಯವಿರಲಿಲ್ಲ. ಮೂಲೆಗೆ ಬಂದಾಗ ಬಾಬಣ್ಣ ಕುಂಚ ಮಗಳಿಗೆ ಕೊಟ್ಟು ಎದ್ದ. ಮೂಲೆ ತಿರುಗಿಸುವುದು ತನಗೆ ಗೊತ್ತಿಲ್ಲ, ಸೀರೆಗೆ ಮೂಲೆ ಇರುವುದಿಲ್ಲ ಎಂದ.

ಬಣ್ಣ ಆರುವ ಮೊದಲೇ ಸೊರಟೂರಿನ ಗಿರಾಕಿಗಳು ಬಂದರು, ಗಂಡ ಹೆಂಡತಿ ಇಬ್ಬರೂ. ಗಂಡ ಗೋಡೆಗೆ ಆನಿಸಿದ್ದ ಸಾದಾ ಮಶೀನಿನ ಹಿಡಿಕೆ ತಿರುವಿ ನೋಡಿ ಅದನ್ನೇ ಗಾಡಿಗೆ ಹಾಕಿ ಎಂದ. ಹೆಂಡತಿ ಶಾರದವ್ವ ಹೊಸದಾಗಿ ಸೊಸೆಯಾಗಿ ಬಂದವಳು, ನಾಲ್ಕು ಮಂದಿಯ ಮುಂದೆ ಗಂಡನೊಡನೆ ಮಾತಾಡುವ ರೂಢಿ ಇನ್ನೂ ಬಂದಿರಲಿಲ್ಲ. ಅವಳು ಗೋಡೆಯನ್ನು ನೋಡುತ್ತ, “ಮನಿಗಿ ಬರಾಕಿ ಬರಿ ಮೈಲೆ ಬರಬಾರದು,” ಎಂದಳು. ದಡಿ ಹಾಕಿದ ಮಶೀನು ಗಾಡಿ ಹತ್ತಿತು.

ಆ ಬೇಸಿಗೆಯಲ್ಲಿ ಸೊರಟೂರಿನಿಂದ ಬಂದವರೆಲ್ಲ ದಡಿ ಮಶೀನು ಬೇಕೆಂದರು. ಸಾದಾ ಮಶೀನುಗಳಿಗೂ ಮತ್ತೆ ಕುಂಚ ಮುಟ್ಟಿಸಬೇಕಾಯಿತು. ಗಂಡಸರು ಬೀಡು ತಟ್ಟಿ ನೋಡುತ್ತಿದ್ದರು, ಒಳಗಿನ ಕಬ್ಬಿಣದ ಹಲ್ಲು ಎಣಿಸುತ್ತಿದ್ದರು; ತಿರುವುವವರು ಹೆಂಗಸರು, ಆರಿಸುವವರೂ ಅವರೇ. ಸಂಘದ ಮಾಲು ಮಾರುವ ಏಜೆನ್ಸಿ ಗದಗಿನಲ್ಲಿ ನಮ್ಮ ಅಂಗಡಿಗೇ ಇತ್ತು, ಹೀಗಾಗಿ ಇದನ್ನು ಕೇಳಿ ಹೇಳುತ್ತಿಲ್ಲ. ಉಳವಪ್ಪ ತನ್ನ ತೂಕದ ದಡೆಯನ್ನು ಮತ್ತೆ ಎತ್ತಲಿಲ್ಲ. ವರ್ಷ ಕಳೆದಂತೆ ದಡಿ ಹಾಕಿಸುವ ಯೋಚನೆ ತನ್ನದೇ ಎಂದು ಶೇರುದಾರರ ಸಭೆಯಲ್ಲಿ ಹೇಳಿಕೊಳ್ಳುವಷ್ಟು ಅವನು ಸುಧಾರಿಸಿದ.

ಆಮೇಲೆ ಕರೆಂಟಿನ ಮಶೀನು ಬಂದವು. ಟ್ರ್ಯಾಕ್ಟರಿಗೆ ಹಚ್ಚುವ ದೊಡ್ಡ ಯಂತ್ರಗಳು ಹೊಲಕ್ಕೇ ಹೋಗಿ ಒಂದು ಊರಿನ ಕೆಲಸವನ್ನು ಒಂದು ಮುಂಜಾನೆ ಮುಗಿಸಿ ಬರತೊಡಗಿದವು. ಸಂಘದ ಕುಲುಮೆ ವಾರಕ್ಕೊಮ್ಮೆ ಉರಿಯುವಂತಾಗಿ, ಕೊನೆಗೆ ಉರಿಯುವುದನ್ನೇ ಬಿಟ್ಟಿತು. ಈಗ ಆ ಶೆಡ್ಡಿನಲ್ಲಿ ಸಿಮೆಂಟು ಚೀಲಗಳಿವೆ. ಬೋರ್ಡು ಬಹಳ ದಿನ ಇತ್ತು. ಗಾಳಿಗೆ ಬಿದ್ದ ಮೇಲೆ ಯಾರೂ ಎತ್ತಿ ಹಾಕಲಿಲ್ಲ. ಬನಶಂಕರೆವ್ವ ಅಷ್ಟರಲ್ಲಿ ಮದುವೆಯಾಗಿ, ಅದೇ ಬೆಟಗೇರಿಯ ಇನ್ನೊಂದು ಓಣಿಗೆ ಸೊಸೆಯಾಗಿ ಹೋಗಿ, ಮಕ್ಕಳನ್ನು ಹೆತ್ತು, ಮಶೀನುಗಳನ್ನು ಮರೆತಿದ್ದಳು.

ಸೊಸೆಯ ಮಾತಿನಿಂದ ನೆನಪಾಗಿ ನಮ್ಮ ಅಂಗಡಿಗೆ ಬಂದವಳು ಕಟ್ಟೆಯ ಮೇಲೆ ಕೂತು ನೀರು ಕುಡಿದು, ದಡಿ ಮಶೀನು ಎಲ್ಲಿ ಉಳಿದಿವೆ ಎಂದು ಕೇಳಿದಳು. ಅಂತೂರ ಬೆಂತೂರದಲ್ಲಿ ಒಬ್ಬ ರೈತನ ಕೊಟ್ಟಿಗೆಯಲ್ಲಿ ಒಂದಿರುವುದು ನನಗೆ ತಿಳಿದಿತ್ತು. ಮರುದಿನವೇ ಬಸ್ಸು ಹತ್ತಿದಳು. ಮಶೀನು ಇತ್ತು, ಬುಟ್ಟಿಯೊಳಗೆ ಕೋಳಿ ಕಾವಿಗೆ ಕೂತಿತ್ತು. ಕೋಳಿ ಎಬ್ಬಿಸಿದರೆ ಮೊಟ್ಟೆ ಕೆಡುತ್ತವೆಂದು ಮನೆಯಾಕೆ ಒಪ್ಪದ್ದರಿಂದ ಬನಶಂಕರೆವ್ವ ಕೋಳಿಯ ಕಣ್ಣೆದುರಿಗೇ ಹೊರಮೈಯ ಧೂಳು ಒರೆಸಿದಳು. ದಡಿ ಇತ್ತು. ಗೆಜ್ಜೆ ಇರಲಿಲ್ಲ, ಗೆಜ್ಜೆಯ ಜಾಗದಲ್ಲಿ ಬರೀ ಚುಕ್ಕೆ. ಗೋಪುರದ ಜಾಗದಲ್ಲಿ ಒಂದು ಹಾವಿನಂಥ ಗೆರೆ. ಬೇಡಿಕೆ ಏರಿದ ವರ್ಷಗಳಲ್ಲಿ ದಿನಕ್ಕೆ ಇಷ್ಟು ಮಶೀನು ಬಿಡಬೇಕೆಂಬ ಒತ್ತಾಯಕ್ಕೆ ಆಕೆಯೇ ಹೀಗೆ ಎಳೆದು ಬಿಟ್ಟದ್ದು. ಅದು ಅಪ್ಪನ ದಡಿಯಲ್ಲ, ತನ್ನ ಅವಸರ ಎಂದು ಮನೆಯಾಕೆಗೆ ಹೇಳಿ, ಚಹಾ ಕುಡಿದು ಬಂದಳು.

ಹಾಗಾದರೆ ಉಳಿದದ್ದು ಮೊದಲನೆಯ ಮಶೀನು, ಅಪ್ಪ ತಾನೇ ಕುಂಚ ಹಿಡಿದದ್ದು. ಸೊರಟೂರಿನ ಶಾರದವ್ವನ ಮನೆಯಲ್ಲಿ ಅದು ಇದೆಯೋ ಇಲ್ಲವೋ ಯಾರಿಗೂ ತಿಳಿದಿರಲಿಲ್ಲ. ರೋಹಿಣಿಯ ಮಗ್ಗಕ್ಕೆ ಉದ್ದ ನೂಲಿನ ಹಾಸು ಸಿದ್ಧವಾಗಿತ್ತು, ದಡಿಯ ಎಳೆ ಕಟ್ಟುವುದೊಂದೇ ಬಾಕಿ. ಇನ್ನು ತಡೆದರೆ ಎಲ್ಲರ ದಡಿಯನ್ನೇ ಕಟ್ಟಬೇಕಾಗುತ್ತಿತ್ತು. ಬನಶಂಕರೆವ್ವ ಬೆಳಗಿನ ಬಸ್ಸಿಗೆ ಸೊರಟೂರಿನಲ್ಲಿ ಇಳಿದಳು.

ಅಂಗಳದಲ್ಲಿ ಗದಗಿನ ಗುಜರಿ ವ್ಯಾಪಾರಿ ಮರ್ದಾನಸಾಬನ ಟೆಂಪೊ ನಿಂತಿತ್ತು. ಮಶೀನು ಅದರ ಪಕ್ಕದಲ್ಲಿ, ಹಗ್ಗ ಕಟ್ಟಿಸಿಕೊಂಡು ಹೊರಡಲು ನಿಂತಿತ್ತು. ಮೈತುಂಬ ದಪ್ಪನೆಯ ನೀಲಿ ಬಣ್ಣ. ದಡಿಯ ಸುಳಿವೂ ಇಲ್ಲ. ಶಾರದವ್ವನ ಗಂಡ ಇರುವ ತನಕ ಪ್ರತಿ ಮಹಾನವಮಿಗೆ ಆಯುಧ, ಉಪಕರಣ ಪೂಜಿಸುವ ಖಂಡೇಪೂಜೆಯಲ್ಲಿ ಅದಕ್ಕೆ ಹೊಸ ಬಣ್ಣ ಹೊಡೆಸುತ್ತಿದ್ದನಂತೆ, ಎತ್ತಿನ ಕೊಂಬಿಗೆ ತಂದ ಬಣ್ಣದಲ್ಲಿ ಉಳಿದದ್ದನ್ನು. ಭಕ್ತಿ ಹೆಚ್ಚಾದಷ್ಟೂ ದಡಿ ಒಳಗೆ ಹೋಗಿತ್ತು. ಈಗ ಅಂಗಳಕ್ಕೆ ಕಾಂಕ್ರೀಟು ಹಾಕುವ ಕೆಲಸ ಶುರುವಾಗುವುದರಲ್ಲಿತ್ತು, ಅದಕ್ಕೇ ಮಾರಿದ್ದು. ಮಾತು ಮುಗಿದು ಮರ್ದಾನಸಾಬ ಚಹಾದ ಬಸಿ ಕೆಳಗಿಟ್ಟಿದ್ದ.

ಬನಶಂಕರೆವ್ವ ತಾನು ಯಾರು, ಯಾಕೆ ಬಂದೆ ಎಂಬುದನ್ನು ಹೇಳಿದಳು. ಶಾರದವ್ವ ಆಕೆಯ ಮುಖವನ್ನೇ ನೋಡುತ್ತ, ಅಂದು ಕೆನ್ನೆಗೆ ಹಳದಿ ಬಣ್ಣ ಹತ್ತಿಸಿಕೊಂಡು ನಿಂತಿದ್ದ ಹುಡುಗಿ ನೀನೇನು ಎಂದು ಕೇಳಿದಳು. ಅಷ್ಟಾಗುತ್ತಲೇ ಒಳಗಿನಿಂದ ಚಾಪೆ ಬಂತು, ಮತ್ತೊಮ್ಮೆ ಚಹಾ ಬಂತು. ಆದರೆ ಮಾಲು ಈಗ ಮರ್ದಾನಸಾಬನದು, ಅವನನ್ನು ಕೇಳಬೇಕು.

“ಸಾಬಣ್ಣ, ಮಶೀನ ನನಗ ಬ್ಯಾಡ,” ಎಂದಳು ಬನಶಂಕರೆವ್ವ. “ಇದರ ಮೈಮ್ಯಾಲೆ ನಮ್ಮಪ್ಪ ಬರದದ್ದು ಒಂದು ಐತಿ. ಅದನ್ನ ನೋಡಿ ಬಿಟ್ಟ ಕೊಡ್ತೀನಿ.”

ಮಶೀನು ಬೇಡ, ಅದರ ಮೈಮೇಲಿನದು ಬೇಕು ಎಂದು ಮರ್ದಾನಸಾಬನನ್ನು ಕೇಳಿದವರು ಇಷ್ಟು ವರ್ಷದ ವ್ಯಾಪಾರದಲ್ಲಿ ಯಾರೂ ಇರಲಿಲ್ಲ. ಅವನು ಟೆಂಪೊದಿಂದ ಥಿನ್ನರಿನ ಬಾಟಲಿ, ಒಂದು ಹಿಡಿ ಹತ್ತಿ ಬಟ್ಟೆ ತಂದುಕೊಟ್ಟು, ತಿಕ್ಕುವುದನ್ನು ತೋರಿಸಿ, ಬೇವಿನ ನೆರಳಿಗೆ ಹೋಗಿ ಕೂತ.

ಹಿಡಿಕೆಯ ಬದಿಯನ್ನು ಬಿಟ್ಟು ಮೊದಲು ಎದುರಿನ ಬದಿಯನ್ನು ತಿಕ್ಕಿದರು, ಅಭ್ಯಾಸಕ್ಕೆ. ನೀಲಿ ಹೋಯಿತು, ಕೆಳಗೆ ಕೆಂಪು. ಕೆಂಪು ಹೋಯಿತು, ಕೆಳಗೆ ಬೆಳ್ಳಿಯ ಬಣ್ಣ. ಅದೂ ಹೋದ ಮೇಲೆ ತುಕ್ಕು. ಬನಶಂಕರೆವ್ವ ತಾನು ಬರೆದದ್ದರಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಹಿಡಿಕೆಯ ಬದಿಗೆ ಬಂದಾಗ ಆಕೆ ತಿಕ್ಕುವುದನ್ನು ನಿಲ್ಲಿಸಿದಳು. ಬಟ್ಟೆಯನ್ನು ಶಾರದವ್ವನಿಗೆ ಕೊಟ್ಟಳು.

“ನೀನ ತಿಕ್ಕವಾ. ನಾ ತಿಕ್ಕಿದರ ಹೋದೀತು.”

“ಹೋದರ ನನ್ನ ಮ್ಯಾಲೆ ಹಾಕ್ತಿ ಏನ?”

“ಹಾಕ್ತೀನಿ.”

ಶಾರದವ್ವ ನಕ್ಕು, ಕೂಸಿನ ಮುಖ ಒರೆಸುವಷ್ಟು ಹಗುರವಾಗಿ ಒರೆಸತೊಡಗಿದಳು. ಆ ಬದಿಯಲ್ಲಿ ತಿರುವುವವರು ಒರಗಿ ನಿಲ್ಲುತ್ತಿದ್ದರು. ವರ್ಷಗಟ್ಟಲೆ ಶೇಂಗಾದ ಎಣ್ಣೆಯ ಕೈ ತಾಗಿ ತಾಗಿ ಅಲ್ಲಿ ತುಕ್ಕು ಏರಿರಲಿಲ್ಲ. ಬೆಳ್ಳಿಯ ಬಣ್ಣ ಕರಗಿ ಬಟ್ಟೆಗೆ ಬಂದ ಮೇಲೆ ಒಂದು ಹಳದಿ ಚುಕ್ಕೆ ಕಂಡಿತು. ಚುಕ್ಕೆ ಗೆಜ್ಜೆಯಾಯಿತು. ಅದರ ಪಕ್ಕದಲ್ಲಿ ಇನ್ನೊಂದು ಗೆಜ್ಜೆ, ತಲೆಕೆಳಗಾಗಿ.

ಬನಶಂಕರೆವ್ವ ಬುಟ್ಟಿಗೆ ಮೂಗು ತಾಗುವಷ್ಟು ಬಗ್ಗಿದಳು. ಒಂದು ಗೆಜ್ಜೆ ಕೆಳಗೆ ತೂಗುತ್ತದೆ, ಒಂದು ಮೇಲೆ ಮುಖ ಮಾಡುತ್ತದೆ. ಸಾಲು ಉದ್ದಕ್ಕೂ ಹಾಗೆಯೇ. ಆಕೆ ಅಂದು ಬರೆದದ್ದೂ, ಈಗ ನೆಲದ ಮೇಲೆ ಬರೆದದ್ದೂ ಎಲ್ಲ ಕೆಳಗೆ ತೂಗುವ ಗೆಜ್ಜೆಗಳು. ಅಪ್ಪ ಅದಕ್ಕೇ ರಂಗೋಲಿ ಎಂದದ್ದು. ಅಂದಿನ ಗಿರಾಕಿಗಳ ಗಡಿಬಿಡಿಯಲ್ಲಿ ಅಪ್ಪ ಬರೆದದ್ದನ್ನು ಆಕೆ ಸರಿಯಾಗಿ ನೋಡಿರಲೇ ಇಲ್ಲ. ಸೀರೆಯ ಒಂದು ದಡಿ ಕಾಲಿನ ಬಳಿ, ಇನ್ನೊಂದು ಸೊಂಟದ ಮೇಲೆ. ಉಟ್ಟವಳು ಯಾವ ಕಡೆ ತಿರುಗಿಸಿದರೂ ಗೆಜ್ಜೆ ನೆಟ್ಟಗೆ ಕಾಣಬೇಕು. ಇಷ್ಟು ವರ್ಷ ಆ ದಡಿಯ ಅರ್ಧವನ್ನು ಮಾತ್ರ ಆಕೆ ನೆನಪಿಟ್ಟುಕೊಂಡಿದ್ದಳು.

“ನಿಮ್ಮಪ್ಪ ಪೇಂಟ ಅಗದಿ ಗಟ್ಟಿ ಹೊಡದಾನ ಬಿಡ್ರಿ ಅಕ್ಕಾ,” ಎಂದ ಮರ್ದಾನಸಾಬ, ನೆರಳಿನಿಂದ ಎದ್ದು ಬಂದು.

“ಅವ ನೇಕಾರ. ಪೇಂಟರ್ ಅಲ್ಲ,” ಎಂದಳು ಬನಶಂಕರೆವ್ವ, ಕಣ್ಣು ಎತ್ತದೆ.

ರೋಹಿಣಿ ಫೋಟೋ ತೆಗೆಯಲು ಹೇಳಿ ಫೋನು ಕೊಟ್ಟಿದ್ದಳು. ಫೋಟೋದಲ್ಲಿ ಬಂದದ್ದು ಅರ್ಧ ಬುಟ್ಟಿ, ಅರ್ಧ ಹೆಬ್ಬೆರಳು. ಹೀಗಾಗಿ ಜತೆಗೆ ತಂದ ಬಟರ್ ಪೇಪರನ್ನೇ ತಗಡಿಗೆ ಹಚ್ಚಿ, ಪೆನ್ಸಿಲು ಹಿಡಿದು, ಸಾಲನ್ನು ಪೂರ್ತಿ ಎಳೆದುಕೊಂಡಳು. ಮರ್ದಾನಸಾಬ ಕಾಗದದ ಒಂದು ಮೂಲೆ ಹಿಡಿದಿದ್ದ, ಶಾರದವ್ವ ಇನ್ನೊಂದು. ಎಲ್ಲ ಮುಗಿದ ಮೇಲೆ ಟೆಂಪೊ ಹೊರಡಬೇಕಿತ್ತು. ಆದರೆ ಶಾರದವ್ವ ಬುಟ್ಟಿಯ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. ಮಾತು ಕೊಟ್ಟಾಗಿದೆ, ಬೀಡು ಒಯ್ಯಿರಿ, ಬುಟ್ಟಿ ಬಿಡಿರಿ ಎಂದಳು. ತಗಡಿನಲ್ಲಿ ತೂಕವೇನೂ ಇರಲಿಲ್ಲ. ಮರ್ದಾನಸಾಬ ಕುತ್ತಿಗೆ ತುರಿಸಿಕೊಂಡು ಯೋಚನೆ ಮಾಡಿದಂತೆ ಮಾಡಿ, ನಟ್ಟು ಬಿಚ್ಚಿ ಕೊಟ್ಟ. ಆ ಬುಟ್ಟಿ ಈಗ ಶಾರದವ್ವನ ಪಡಸಾಲೆಯಲ್ಲಿದೆ. ಇನ್ನು ಮೇಲೆ ಅದಕ್ಕೆ ಬಣ್ಣ ಹೊಡೆಸುವುದಿಲ್ಲವೆಂದು ಮಗನಿಗೆ ತಾಕೀತು ಮಾಡಿದ್ದಾಳೆ.

ರೋಹಿಣಿ ಎಳೆ ಕಟ್ಟಿ ಗೇಣು ಉದ್ದ ನೇಯ್ದು ಅತ್ತೆಯನ್ನು ಕರೆದಳು. ಬನಶಂಕರೆವ್ವ ದಡಿಯನ್ನು ಮೇಲಿನಿಂದ ನೋಡಿದಳು, ಮಗ್ಗದ ಆಚೆ ಹೋಗಿ ಅಲ್ಲಿಂದ ನೋಡಿದಳು, ಒಂದು ಗೆಜ್ಜೆ ಒತ್ತಾಗಿದೆ, ಬಿಚ್ಚು ಎಂದಳು. ರೋಹಿಣಿ ಹಲ್ಲು ಕಚ್ಚಿ ಬಿಚ್ಚಿದಳು. ಎರಡನೆಯ ಸಲ ಅತ್ತೆ ಬಗ್ಗಿ ನೋಡಿದಳು. ದಡಿಯ ಮೇಲೆ ಅಂಗೈ ಇಟ್ಟುಕೊಂಡು, ಒಲೆಯ ಮೇಲೆ ಸಾರು ಉಕ್ಕಿದ ಸಪ್ಪಳ ಕೇಳಿದರೂ ಏಳದೆ ಕೂತಿದ್ದಳು.

ಈಗ ಓಣಿಯ ಉಳಿದ ಮಗ್ಗಗಳಲ್ಲೂ ಅದೇ ದಡಿ ಏರಿದೆ. ರೋಹಿಣಿ ನೋಡಿ ಸಿಡುಕಿದಳು, ಇಷ್ಟು ಕಷ್ಟಪಟ್ಟು ತಂದದ್ದನ್ನು ಕಂಡವರೆಲ್ಲ ಕದ್ದರು ಎಂದು.

“ಕದೀಲಿ ಬಿಡು,” ಎಂದಳು ಬನಶಂಕರೆವ್ವ. “ನಮ್ಮಪ್ಪ ಒಂದ ಮನ್ಯಾಗ ಇಟ್ಟಿದ್ದಕ್ಕ ಕಳದಿತ್ತು.”

ಕರೆದು ಕಲಿಸುವುದಿಲ್ಲ ಆಕೆ. ಆದರೆ 'ಗೆಜ್ಜೆ ತಪ್ಪಿದವರ ಮಗ್ಗದ ಮುಂದೆ ಹಾದುಹೋಗುವಾಗ ಆಕೆಗೆ ಕೆಮ್ಮು ಬರುತ್ತದೆ' ಎಂದು ಓಣಿಯವರು ಹೇಳುತ್ತಾರೆ.

ಸಂಘದ ಮಶೀನು ಮಾರುತ್ತಿದ್ದಾಗ ನಮ್ಮ ತಂದೆ ಅದನ್ನು ತನ್ನ ಮಾತಿನ ಬಲ ಎಂದುಕೊಂಡಿದ್ದರು. ಹೆಂಗಸರು ಕೊಂಡದ್ದು ದಡಿ ನೋಡಿ. ಆ ವ್ಯಾಪಾರದಿಂದ ಅಂಗಡಿ ನಿಂತಿತು, ಆ ಅಂಗಡಿಯ ಅನ್ನದಲ್ಲಿ ನಾನು ಬೆಳೆದೆ. ಅದರ ಮಟ್ಟಿಗೆ ನಾನು ಬನಶಂಕರೆವ್ವನ ಋಣದಲ್ಲಿದ್ದೇನೆ.